ಫೋಟೊದ ಅಂಚಿನಲ್ಲಿ ನಕ್ಷತ್ರಗಳಿಗೆ ಬಾಲ ಬರೋದು ಯಾಕೆ?

ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್‌ನಲ್ಲಿ 1899ರಿಂದಲೇ ಸೌರ ವೀಕ್ಷಣಾಲಯ ಇದೆ. ಆ ಬೆಟ್ಟಗಳ ಕಡೆಗೋ, ತೇನಿಯ ಮೇಘಮಲೈ ಕಡೆಗೋ ಟೆಲಿಸ್ಕೋಪ್, ಕ್ಯಾಮರಾ ಹೊತ್ತು ಹೋಗುವ ಯುವಕರಿಗೆ ಒಂದು ಬೇಸರ ಸಾಮಾನ್ಯ. ರಾತ್ರಿಯಿಡೀ ನಿದ್ದೆಗೆಟ್ಟು ತೆಗೆದ ಫೋಟೊದ ನಡುವೆ ನಕ್ಷತ್ರಗಳು ಚುಕ್ಕಿಯಂತೆ ದುಂಡಗಿರುತ್ತವೆ, ಮೂಲೆಗೆ ಹೋದಂತೆ ಒಂದೊಂದಕ್ಕೂ ಬಾಲ! ತಕ್ಷಣ ಸಾವಿರಾರು ರೂಪಾಯಿಯ ಕರೆಕ್ಟರ್ ಲೆನ್ಸ್‌ಗೆ ಆರ್ಡರ್ ಹಾಕುವವರೇ ಹೆಚ್ಚು. ಕಾರಣ ಬೇರೆಯೇ ಆಗಿದ್ದರೆ ಆ ದುಡ್ಡು ನೀರಿಗೆ ಹಾಕಿದ ಹಾಗೆ.

ಮೊದಲು ಬಾಲದ ದಿಕ್ಕು ನೋಡಬೇಕು. ನಾಲ್ಕೂ ಮೂಲೆಗಳಲ್ಲಿ ಧೂಮಕೇತುವಿನಂತೆ, ಚಿತ್ರದ ನಡುವಿಗೆ ನೇರ ಗೆರೆಯಲ್ಲಿ ಬಾಲವಿದ್ದರೆ ಅದು 'ಕೋಮಾ' ದೋಷ. ನ್ಯೂಟೋನಿಯನ್ ಟೆಲಿಸ್ಕೋಪಿನ ಪ್ಯಾರಾಬೋಲಾ ಕನ್ನಡಿಯ ಹುಟ್ಟುಗುಣವೇ ಅದು. ಎಫ್/8ಕ್ಕಿಂತ ಎಫ್/4ರಲ್ಲಿ ಇದು ನಾಲ್ಕು ಪಟ್ಟು ಜಾಸ್ತಿ. ಕಾವಲೂರಿನ 2.34 ಮೀಟರ್ ವೈನು ಬಪ್ಪು ಟೆಲಿಸ್ಕೋಪಿನ ಮುಖ್ಯ ನಾಭಿಗೂ ಕರೆಕ್ಟರ್ ಬೇಕು ಎಂದ ಮೇಲೆ ನಮ್ಮ ಪುಟ್ಟ ಕನ್ನಡಿಯನ್ನು ಬೈದು ಫಲವಿಲ್ಲ.

ಕರೆಕ್ಟರ್ ಇದ್ದೂ ಬಾಲ ಹೋಗಲಿಲ್ಲವೇ? ಅದರಿಂದ ಸೆನ್ಸರ್‌ಗಿರುವ ದೂರ ಅಳೆಯಿರಿ. ಹೆಚ್ಚಿನವಕ್ಕೆ 55 ಮಿ.ಮೀ. ಬೇಕು. ಕ್ಯಾನನ್ ಡಿಎಸ್ಎಲ್ಆರ್‌ನ 44 ಮತ್ತು ಟಿ-ರಿಂಗ್‌ನ 11 ಸೇರಿದರೆ ಸರಿಯಾಗಿ ಅಷ್ಟೇ. ನಡುವೆ 3 ಮಿ.ಮೀ. ದಪ್ಪದ ಫಿಲ್ಟರ್ ಹಾಕಿದರೆ ಸುಮಾರು 1 ಮಿ.ಮೀ. ಹೆಚ್ಚು ಅಂತರ ಕೊಡಬೇಕಾಗುತ್ತದೆ.

ಒಂದೇ ಮೂಲೆ ಕೆಟ್ಟಿದ್ದರೆ ಎಲ್ಲೋ ಏನೋ ಓರೆಯಾಗಿದೆ. ಕ್ಯಾಮರಾವನ್ನು ಮಾತ್ರ 90 ಡಿಗ್ರಿ ತಿರುಗಿಸಿ ಮತ್ತೊಂದು ಫೋಟೊ ತೆಗೆಯಿರಿ. ಫೋಟೊದ ಅದೇ ಮೂಲೆ ಮತ್ತೆ ಕೆಟ್ಟರೆ ತಪ್ಪು ಕ್ಯಾಮರಾದ ಕಡೆ, ಬೇರೆ ಮೂಲೆಗೆ ಹೋದರೆ ಟೆಲಿಸ್ಕೋಪ್ ಅಥವಾ ಫೋಕಸರ್ ಕಡೆ. ಭಾರಕ್ಕೆ ಜಗ್ಗುವ ಅಗ್ಗದ ಫೋಕಸರ್‌ಗಳ ಕಥೆ ಬಹಳ ಮಂದಿಗೆ ಗೊತ್ತು.

ಈ ಊರುಗಳಲ್ಲಿ ವಿಶೇಷವಾಗಿ ಕಾಡುವುದು ಇನ್ನೊಂದು. ಇಲ್ಲಿನ ಅಕ್ಷಾಂಶ ಸುಮಾರು 10 ಡಿಗ್ರಿ, ಹಾಗಾಗಿ ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಎತ್ತರ. ಕಂಬಂ ಕಣಿವೆಯಲ್ಲಿ ನಿಂತರೆ ಬೆಟ್ಟವೋ ತೆಂಗಿನ ಮರವೋ ಅದನ್ನು ಮರೆಮಾಡಿಬಿಡಬಹುದು. ಅಂದಾಜಿನಲ್ಲಿ ಮೌಂಟ್ ನಿಲ್ಲಿಸಿದರೆ, ಆಟೊಗೈಡರ್ ಒಂದು ನಕ್ಷತ್ರವನ್ನು ಗಟ್ಟಿಯಾಗಿ ಹಿಡಿದಿಟ್ಟರೂ ಉಳಿದವು ಅದರ ಸುತ್ತ ನಿಧಾನಕ್ಕೆ ತಿರುಗುತ್ತವೆ. ದೂರದವು ಕಮಾನಿನಂತೆ ಎಳೆದುಕೊಳ್ಳುತ್ತವೆ. ನೋಡಿದವರು ಇದನ್ನೂ ಲೆನ್ಸ್ ದೋಷ ಅಂದುಕೊಳ್ತಾರೆ.

ಪತ್ತೆ ಮಾಡುವುದು ಸುಲಭ. 10 ಸೆಕೆಂಡಿನದ್ದೊಂದು, 5 ನಿಮಿಷದ್ದೊಂದು ಫೋಟೊ ತೆಗೆದು ಹೋಲಿಸಿ. ಎರಡರಲ್ಲೂ ಒಂದೇ ಆಕಾರದ ಬಾಲವಿದ್ದರೆ ದೋಷ ಗಾಜಿನದ್ದು. ಸಮಯದ ಜೊತೆ ಬಾಲವೂ ಉದ್ದವಾದರೆ ಮೌಂಟ್‌ನದ್ದು. ಆಗ ಧ್ರುವ ನಕ್ಷತ್ರ ಕಾಣದಿದ್ದರೂ ಪರವಾಗಿಲ್ಲ: ಗೈಡಿಂಗ್ ನಿಲ್ಲಿಸಿ, ದಕ್ಷಿಣದಲ್ಲಿ ನೆತ್ತಿಯ ಹತ್ತಿರದ ನಕ್ಷತ್ರವೊಂದು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತದೆಯೇ ನೋಡಿ, ಅದು ನಿಲ್ಲುವವರೆಗೆ ಮೌಂಟನ್ನು ಎಡ-ಬಲಕ್ಕೆ ತಿರುಗಿಸಬೇಕು. ಆಮೇಲೆ ಪೂರ್ವದ ನಕ್ಷತ್ರವೊಂದನ್ನು ಹಿಡಿದು ಎತ್ತರ ಸರಿಪಡಿಸಬೇಕು. ಅರ್ಧ ಗಂಟೆ ಹಿಡಿಯಬಹುದು, ಖರ್ಚು ಮಾತ್ರ ಏನೂ ಇಲ್ಲ.