ಮೀನಿನ ಹುಳುವಿಗೆ ಹೆಸರಿಡುವ ಮುನ್ನ

ಕೊರಮೀನು ಕೊಯ್ದಾಗ ಮಾಂಸದಲ್ಲಿ ಪುಟ್ಟ ಹಳದಿ ಗಂಟುಗಳು ಕಂಡರೆ ಅನುಮಾನ ಮೊದಲು ಹೋಗುವುದು ಕೆರೆಯ ನೀರಿನ ಮೇಲೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದ ಮೇಲಂತೂ ಅದು ಸಹಜ. ಆ ನೀರಿನ ಗುಣಮಟ್ಟ ಬೇರೆಯೇ ಚರ್ಚೆ. ಹಳದಿ ಗಂಟಿಗೆ ಮಾತ್ರ ಕೊಳಚೆ ಬೇಕಿಲ್ಲ. ಅದು ಸಾಮಾನ್ಯವಾಗಿ ಕ್ಲೈನೊಸ್ಟೋಮಮ್ ಎಂಬ ಚಪ್ಪಟೆ ಹುಳುವಿನ ಮರಿ. ಬಸವನಹುಳುವಿನಲ್ಲಿ ಬೆಳೆದು ಮೀನಿಗೆ ಸೇರುತ್ತದೆ. ಆ ಮೀನನ್ನು ಬಕ ನುಂಗಿದರೆ ಹಕ್ಕಿಯ ಬಾಯಿ, ಗಂಟಲಲ್ಲಿ ಪ್ರಾಯಕ್ಕೆ ಬರುತ್ತದೆ. ಹಕ್ಕಿಗಳಿಂದ ತುಂಬಿದ ತಿಳಿನೀರಿನ ಕೆರೆಯಲ್ಲೂ ಅದರ ಸಂಸಾರ ಸಲೀಸಾಗಿ ಸಾಗುತ್ತದೆ.

ಹುಳು ಇದ್ದ ಮೀನು ತಿಂದವರ ಹೊಟ್ಟೆಯಲ್ಲೂ ಹುಳು ಬೆಳೆಯುತ್ತದೆ ಎಂಬ ಭಯವೂ ಹೆಚ್ಚಿನ ಮಟ್ಟಿಗೆ ಹುಸಿ. ಕಿವಿರಿಗೆ ಅಂಟುವ ಚಪ್ಪಟೆ ಹುಳುಗಳು ಮನುಷ್ಯನಲ್ಲಿ ಬದುಕಲಾರವು. ಥಾಯ್ಲೆಂಡ್, ಲಾವೋಸ್‌ಗಳಲ್ಲಿ ಹಸಿ ಮೀನಿನಿಂದ ಬರುವ ಯಕೃತ್ತಿನ ಹುಳು ಪಿತ್ತನಾಳದ ಕ್ಯಾನ್ಸರ್‌ಗೆ ಕಾರಣವಾಗುತ್ತದೆ, ನಿಜ. ಆದರೆ ಚೆನ್ನಾಗಿ ಕುದಿಸಿದ ಸಾರಿನಲ್ಲಿ ಯಾವ ಮರಿಯೂ ಉಳಿಯುವುದಿಲ್ಲ.

‘ಹೊಸ ಪ್ರಭೇದ ಪತ್ತೆ’ ಎಂಬ ಸುದ್ದಿ ಓದಿ, ಹೊಸ ರೋಗವೊಂದು ಬಂತೆಂದು ಗಾಬರಿಯಾಗುವವರಿದ್ದಾರೆ. ಹೊಸದು ಹೆಸರು ಮಾತ್ರ. ಹುಳು ಲಕ್ಷಾಂತರ ವರ್ಷಗಳಿಂದ ಅಲ್ಲೇ ಇದ್ದಿರಬಹುದು. ನಿಜವಾದ ಹೊಸಬರು ಎಷ್ಟೋ ಸಲ ಹಳೆಯ ಹೆಸರಿನವರೇ. 1952ರಲ್ಲಿ ಭಾರತಕ್ಕೆ ತಂದ ಜಿಲೇಬಿ ಮೀನನ್ನೇ ನೋಡಿ: ಅದರ ಬಳಗದ ಕಿವಿರಿನ ಹುಳು ಸಿಕ್ಲಿಡೋಗೈರಸ್ ಆಫ್ರಿಕಾದಿಂದ ಮೀನಿನ ಜೊತೆಗೇ ಹಲವು ದೇಶಗಳನ್ನು ಸುತ್ತಿದೆ.

ಇನ್ನು, ನೋಡಿದ ಕೂಡಲೇ ಹೊಸ ಹುಳು ಗೊತ್ತಾಗುತ್ತದೆ ಎಂಬ ನಂಬಿಕೆ. ಇದು ಓದುಗರದಷ್ಟೇ ಅಲ್ಲ, ಕೆಲವು ವಿಜ್ಞಾನಿಗಳದೂ ಹೌದು. ರೇಷ್ಮೆಹುಳುವಿನ ಗಂಟುರೋಗ ಪತ್ತೆಗೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ಬಲ್ಲ ಶಿಡ್ಲಘಟ್ಟದ ರೇಷ್ಮೆಯವರಿಗೆ ಕಣ್ಣಳತೆಯ ಮಿತಿ ಹೊಸದಲ್ಲ. ಕಿವಿರಿನ ಹುಳು ಹಲವು ಸಲ ಒಂದು ಮಿಲಿಮೀಟರೂ ಇರುವುದಿಲ್ಲ. ಅದರ ಹಿಂಭಾಗದ ಕೊಕ್ಕೆಗಳನ್ನು ಮೈಕ್ರೋಮೀಟರ್‌ಗಳಲ್ಲಿ ಅಳೆಯಬೇಕು. ಲಾಡಿಹುಳುವಿನದು ಇನ್ನೊಂದು ಪೇಚು. ತಣ್ಣನೆಯ ಫಾರ್ಮಲಿನ್‌ಗೆ ಹಾಕಿದರೆ ಮುದುಡುತ್ತದೆ, ಗಾಜಿನಡಿ ಒತ್ತಿದರೆ ಅಗಲವಾಗುತ್ತದೆ. ಒಂದೇ ಹುಳುವಿಗೆ ಎರಡು ಅಳತೆ, ಆಮೇಲೆ ಎರಡು ಹೆಸರು!

ಈ ಅವಸರದ ಲೆಕ್ಕ 2012ರಲ್ಲಿ ಹೊರಬಿತ್ತು. ಬಾಳೆ ಮೀನು ಮೊದಲಾದ ಮೀಸೆ ಮೀನುಗಳ ಕರುಳಿನ ಗ್ಯಾಂಜೀಸಿಯ ಬಳಗದ ಲಾಡಿಹುಳುಗಳನ್ನು ವಿಜ್ಞಾನಿ ಅನಿರ್ಬನ್ ಆಶ್ ಮತ್ತು ಸಂಗಡಿಗರು ಮರುಪರಿಶೀಲಿಸಿದರು. ಭಾರತ ಮತ್ತು ಆಗ್ನೇಯ ಏಷ್ಯಾದಿಂದ ಅದುವರೆಗೆ ವರದಿಯಾಗಿದ್ದ 48 ಪ್ರಭೇದಗಳಲ್ಲಿ ಅವರು ಮಾನ್ಯ ಮಾಡಿದ್ದು 4ನ್ನು ಮಾತ್ರ.

ಹಾಗಾದರೆ ಡಿಎನ್‌ಎ ನೋಡಿದರೆ ಸಾಕೇ? ಅದೂ ಸಾಲದು. ಯುರೋಪ್ ಮತ್ತು ಉತ್ತರ ಅಮೆರಿಕದ ಕ್ಲೈನೊಸ್ಟೋಮಮ್‌ಗಳು ಬೇರೆ ಬೇರೆ ಪ್ರಭೇದಗಳೆಂದು 2011ರಲ್ಲಿ ಗಟ್ಟಿಯಾದದ್ದು ದೇಹರಚನೆ ಮತ್ತು ಜೀನು ಎರಡನ್ನೂ ಒಟ್ಟಿಗೆ ಓದಿದ್ದರಿಂದ. ಜೊತೆಗೆ ಮಾದರಿ ಹುಳುವನ್ನು ಸಂಗ್ರಹಾಲಯದಲ್ಲಿ ಇಡಬೇಕು, ಇನ್ನೊಬ್ಬರು ತೆಗೆದು ನೋಡುವಂತಿರಬೇಕು.

ಗೌರಿಬಿದನೂರಿನ ಕೆರೆಯಲ್ಲೋ ಚಿಂತಾಮಣಿಯ ಮಾರುಕಟ್ಟೆಯಲ್ಲೋ ವಿಚಿತ್ರ ಹುಳು ಕಂಡರೆ ಫೋಟೊ ತೆಗೆದು ಹಂಚಿ ಸುಮ್ಮನಾಗಬೇಡಿ. ಇಡೀ ಮೀನನ್ನು ಮಂಜುಗಡ್ಡೆಯಲ್ಲಿಟ್ಟು, ಕೆರೆಯ ಹೆಸರು, ತಾರೀಖು ಬರೆದು, ಅದೇ ದಿನ ಮೀನುಗಾರಿಕೆ ಇಲಾಖೆಗೆ ತಲುಪಿಸಿ.