ದಾರಿ ನೆರವಿನ ಚಂದಾ: ಕೊಡಬೇಕೆ, ಬೇಡವೆ?

ಹಿಂದಿನ ಕಾಲದಲ್ಲಿ ದೂರದ ಊರಿಗೆ ಹೊರಟವರು ಒಂಟಿಯಾಗಿ ಹೊರಡುತ್ತಿರಲಿಲ್ಲ. ಆ ದಿಕ್ಕಿಗೆ ಹೋಗುವ ವರ್ತಕರ ಗುಂಪೊಂದನ್ನು ಕಾದಿದ್ದು, ಅದರೊಡನೆ ಸೇರಿಕೊಳ್ಳುತ್ತಿದ್ದರು. ಅಂಥ ಗುಂಪಿಗೆ ಸಂಸ್ಕೃತದಲ್ಲಿ ‘ಸಾರ್ಥ’ವೆಂದು ಹೆಸರು, ಅದರ ಮುಂದಾಳು ‘ಸಾರ್ಥವಾಹ’. ಕಾಡುದಾರಿಯಲ್ಲಿ ಗಾಡಿಯ ಅಚ್ಚು ಮುರಿದರೆ, ಎತ್ತು ಕುಸಿದರೆ, ಕೈಕೊಡುವವರು ಜೊತೆಯಲ್ಲಿಯೇ ಇರುತ್ತಿದ್ದರು. ಈಗ ನಾವು ಕಾರಿನ ಗಾಜುಗಳನ್ನು ಏರಿಸಿಕೊಂಡು, ನೂರಾರು ವಾಹನಗಳ ನಡುವೆ ಓಡುತ್ತಿದ್ದರೂ ಒಂಟಿಗಳೇ. ಆ ಒಂಟಿತನ ಕಾರು ಓಡುವಾಗ ತಿಳಿಯುವುದಿಲ್ಲ. ಕೆಟ್ಟು ನಿಂತಾಗ ತಿಳಿಯುತ್ತದೆ.

ಈ ಒಂಟಿತನಕ್ಕೆ ಪರಿಹಾರವೆಂದು ‘ರೋಡ್‌ಸೈಡ್ ಅಸಿಸ್ಟೆನ್ಸ್’ ಎಂಬುದೊಂದು ಏರ್ಪಾಡು ನಮ್ಮಲ್ಲಿಯೂ ಬಳಕೆಗೆ ಬಂದಿದೆ. ವರ್ಷಕ್ಕಿಷ್ಟು ಎಂದು ಹಣ ಕಟ್ಟಿ ಸದಸ್ಯರಾದರೆ, ಕಾರು ದಾರಿಯಲ್ಲಿ ಕೆಟ್ಟಾಗ ಫೋನು ಮಾಡಿದೊಡನೆ ನೆರವು ಕಳುಹಿಸುತ್ತೇವೆಂಬುದು ಅವರ ಮಾತು. ಇಳಿದುಹೋದ ಬ್ಯಾಟರಿಗೆ ಜೀವ ತುಂಬುವುದು, ಪಂಕ್ಚರಾದ ಚಕ್ರವನ್ನು ಬದಲಿಸುವುದು, ಪೆಟ್ರೋಲು ಮುಗಿದಿದ್ದರೆ ತಂದುಕೊಡುವುದು, ಬೀಗದ ಕೈ ಒಳಗೇ ಉಳಿದಿದ್ದರೆ ಬಾಗಿಲು ತೆರೆದುಕೊಡುವುದು, ಯಾವುದೂ ಆಗದಿದ್ದರೆ ಕಾರನ್ನು ರಿಪೇರಿ ಅಂಗಡಿಗೆ ಎಳೆದೊಯ್ಯುವುದು, ಇಷ್ಟು ಅದರ ಸಾಮಾನ್ಯ ಸ್ವರೂಪ. ಈ ಚಂದಾ ಕೊಡುವುದು ಲಾಭವೋ, ದಂಡವೋ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಈ ಪದ್ಧತಿ ಮೋಟಾರಿನಷ್ಟೇ ಹಳೆಯದೆನ್ನಬಹುದು. ಅಮೆರಿಕದಲ್ಲಿ 1902ರಲ್ಲಿ ಒಂಬತ್ತು ಮೋಟಾರು ಕ್ಲಬ್ಬುಗಳು ಷಿಕಾಗೊ ನಗರದಲ್ಲಿ ಕೂಡಿ ಒಂದು ದೊಡ್ಡ ಸಂಘವಾದುವು. ಇಂಗ್ಲೆಂಡಿನ ಆಟೊಮೊಬೈಲ್ ಅಸೋಸಿಯೇಷನ್ 1905ರಲ್ಲಿ ಹುಟ್ಟಿತು. ಅದು ಮೊದಲು ಕೈಗೊಂಡ ಕೆಲಸ ಕೇಳಿದರೆ ನಗು ಬರುತ್ತದೆ. ವೇಗದ ಮಿತಿ ಮೀರುವವರನ್ನು ಹಿಡಿಯಲು ಪೊಲೀಸರು ಎಲ್ಲಿ ಹೊಂಚು ಹಾಕಿದ್ದಾರೆಂದು ಸದಸ್ಯರಿಗೆ ಮುನ್ನೆಚ್ಚರಿಕೆ ಕೊಡುವುದೇ ಆ ಕೆಲಸ! ಸಂಘದ ಬಿಲ್ಲೆಯುಳ್ಳ ಕಾರು ಬಂದರೆ ಗಸ್ತಿನವನು ವಂದನೆ ಮಾಡುವನು. ವಂದಿಸದೆ ಸುಮ್ಮನೆ ನಿಂತನೆಂದರೆ ಮುಂದೆ ಪೊಲೀಸರಿದ್ದಾರೆಂದು ಅರ್ಥ. ಬರಬರುತ್ತ ದಾರಿಯ ಬದಿಯಲ್ಲಿ ಟೆಲಿಫೋನು ಗೂಡುಗಳು ಬಂದುವು, ಅವುಗಳ ಬೀಗದ ಕೈ ಸದಸ್ಯರ ಕಿಸೆಗೆ ಬಂದಿತು, ರಿಪೇರಿ ಬಲ್ಲ ಗಸ್ತಿನವರೂ ಬಂದರು. ನಮ್ಮ ದೇಶದಲ್ಲಿಯೂ 1919ರಲ್ಲಿ ಮುಂಬಯಿಯಲ್ಲಿ ಪಶ್ಚಿಮ ಭಾರತದ ಮೋಟಾರು ಸಂಘ ಸ್ಥಾಪಿತವಾಯಿತು. ಇವೆಲ್ಲವುಗಳ ತಿರುಳು ಒಂದೇ: ಇಂದು ಕೆಡದವನು ಕೊಟ್ಟ ಹಣದಿಂದ ಇಂದು ಕೆಟ್ಟವನ ಕೆಲಸ ನಡೆಯುತ್ತದೆ. ಹಳೆಯ ಸಾರ್ಥವೇ ಬೇರೆಯ ವೇಷ ತೊಟ್ಟು ಬಂದಿದೆ.

ತತ್ತ್ವ ಒಳ್ಳೆಯದೇ. ವ್ಯವಹಾರದಲ್ಲಿ ಅದು ಹೇಗೆ ಎಂಬುದಕ್ಕೆ ನನ್ನ ಅನುಭವವೊಂದನ್ನೇ ಹೇಳುತ್ತೇನೆ. ಇದರಲ್ಲಿ ಹೆಚ್ಚಿನ ತಪ್ಪು ನನ್ನದೇ ಆದ್ದರಿಂದ ಹೇಳಲು ಅಡ್ಡಿಯಿಲ್ಲ.

2022ರ ಡಿಸೆಂಬರಿನಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಹಿಂದಿರುಗುತ್ತಿದ್ದೆವು. ಕಾರು ಒಂಬತ್ತು ವರ್ಷದ ಹಳೆಯದು. ಅಳಿಯ ನಡೆಸುತ್ತಿದ್ದ. ಒಳಗೆ ನಾನು, ನನ್ನಾಕೆ, ಎಂಬತ್ತೊಂದು ವರ್ಷದ ನಮ್ಮ ತಾಯಿ. ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಏರುತ್ತಿರುವಾಗ ಸುಟ್ಟ ವಾಸನೆ ಬಂತು, ಕ್ಲಚ್ಚು ಹಿಡಿಯದಾಯಿತು. ತಿರುವೊಂದರ ಬಳಿ ಕಾರು ನಿಂತೇಬಿಟ್ಟಿತು. ಕತ್ತಲಾಗುತ್ತಿತ್ತು. ಒಂದರ ಹಿಂದೊಂದು ಲಾರಿಗಳು. ಅಮ್ಮ ಸಂಜೆಯ ಮಾತ್ರೆಗಾಗಿ ಏನನ್ನಾದರೂ ತಿನ್ನಬೇಕಾಗಿತ್ತು. ತಂದಿದ್ದ ಬುತ್ತಿ ಮುಗಿದಿತ್ತು.

ಹೊರಡುವ ಹಿಂದಿನ ದಿನವಷ್ಟೇ ನಾನು 1,200 ರೂಪಾಯಿ ಕಟ್ಟಿ ಇಂಥದೊಂದು ಸದಸ್ಯತ್ವ ಪಡೆದಿದ್ದೆ. ‘ಹೆದರಬೇಡಿ, ನನ್ನಲ್ಲಿ ನಂಬರಿದೆ’ ಎಂದು ದೊಡ್ಡಸ್ತಿಕೆಯಿಂದ ಫೋನು ತೆಗೆದೆ. ಸಿಗ್ನಲ್ಲೇ ಇಲ್ಲ. ಕೊನೆಗೆ ಪುಣ್ಯಾತ್ಮನೊಬ್ಬ ಲಾರಿ ನಿಲ್ಲಿಸಿ, “ಯಜಮಾನ್ರೇ, ಅಮ್ಮನ್ನ ಕಾರಲ್ಲಿ ಕೂರಿಸ್ಬೇಡಿ, ಆ ಕಡೆ ತಡೆಗೋಡೆ ಆಚೆ ಕೂರಿಸಿ, ಹಿಂದಿನಿಂದ ಬರೋರಿಗೆ ಕಾಣಲ್ಲ” ಎಂದು ಬುದ್ಧಿ ಹೇಳಿ, ಅಳಿಯನನ್ನು ಹತ್ತಿಸಿಕೊಂಡು ಮೇಲಕ್ಕೆ ಹೋದ. ಸಿಗ್ನಲ್ ಸಿಕ್ಕಿದ ಕಡೆ ಅಳಿಯ ಫೋನು ಮಾಡಿದರೆ ಆ ಕಡೆಯಿಂದ ಬಂದ ಉತ್ತರ ಇದು: ಹೊಸ ಸದಸ್ಯರಿಗೆ ಮೊದಲ ಏಳು ದಿನ ಸೇವೆ ಸಲ್ಲದು. ಸಕಲೇಶಪುರದಿಂದ ಎಳೆಯುವ ಗಾಡಿ ತರಿಸಿ, ಕಾರನ್ನು ಹಾಸನಕ್ಕೆ ಸೇರಿಸುವಷ್ಟರಲ್ಲಿ 7,500 ರೂಪಾಯಿ ಕೈಬಿಟ್ಟಿತು. ಅಮ್ಮ ಮೂರು ತಾಸು ಶಾಲು ಹೊದ್ದು ರಸ್ತೆಯ ಬದಿಯಲ್ಲಿ ಕುಳಿತಿದ್ದರು. ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಎರಡು ತಿಂಗಳ ಮೇಲೆ ವಿಮೆಯನ್ನು ನವೀಕರಿಸಲು ಹೋದಾಗ, ನನ್ನ ಬಳಿ ಓದಿದ ಹುಡುಗನೊಬ್ಬ ಹಳೆಯ ಪಾಲಿಸಿಯನ್ನು ತಿರುವಿ, “ಮೇಷ್ಟ್ರೇ, ದಾರಿ ನೆರವು ಇದರಲ್ಲೇ ಇತ್ತಲ್ಲ! 250 ರೂಪಾಯಿ ಕಟ್ಟಿದ್ದೀರಿ” ಎಂದ. ‘ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿದ ಮೇಲೆ ಉತ್ತರ ಬರೆಯಿರಿ’ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ನಾನು ನನ್ನದೇ ಕಾಗದವನ್ನು ಓದಿರಲಿಲ್ಲ. ಒಂದೇ ನೆರವಿಗೆ ಮೂರು ಸಲ ಹಣ ಕೊಟ್ಟಂತಾಯಿತು.

ಆದ್ದರಿಂದ ಮೊದಲು ತಿಳಿಯಬೇಕಾದ ಮಾತು: ಈ ನೆರವು ನಮಗೆ ಮೂರು ಬಾಗಿಲುಗಳಿಂದ ಬರಬಹುದು. ಹೊಸ ಕಾರಿನೊಡನೆ ತಯಾರಕರು ಕೆಲವು ವರ್ಷದ ಮಟ್ಟಿಗೆ ಕೊಡುವುದುಂಟು. ವಿಮೆಯ ಪಾಲಿಸಿಗೆ ಸ್ವಲ್ಪ ಹಣ ಕೂಡಿಸಿ ಸೇರಿಸಿಕೊಳ್ಳುವುದುಂಟು. ಪ್ರತ್ಯೇಕ ಕಂಪನಿಗೆ ಚಂದಾ ಕಟ್ಟುವುದು ಮೂರನೆಯದು. ಮೊದಲ ಎರಡನ್ನು ನೋಡದೆ ಮೂರನೆಯ ಬಾಗಿಲು ತಟ್ಟಬಾರದು.

ವಿಮೆಯಿದೆ, ಅದೇ ಸಾಕೆಂದು ಕೆಲವರು ತಿಳಿಯುತ್ತಾರೆ. ಇದು ಸರಿಯಲ್ಲ. ಕಾರಿನ ಸಾಮಾನ್ಯ ವಿಮೆ ಅಪಘಾತಕ್ಕೆ ಸಂಬಂಧಿಸಿದ್ದು. ಯಂತ್ರ ತಾನಾಗಿ ಕೆಟ್ಟದ್ದಕ್ಕೆ ಅದು ಹೊಣೆಯಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಪಾಲಿಸಿಯ ಒಕ್ಕಣೆಯಂತೆ, ಅಪಘಾತವಾದಾಗಲೂ ವಾಹನವನ್ನು ರಿಪೇರಿಗೆ ಸಾಗಿಸುವ ವೆಚ್ಚಕ್ಕೆ ಕಾರಿಗೆ 1,500 ರೂಪಾಯಿ, ದ್ವಿಚಕ್ರ ವಾಹನಕ್ಕೆ 300 ರೂಪಾಯಿ ಮಿತಿ.

ಸರಕಾರದ ನೆರವಿಲ್ಲವೆ ಎಂದರೆ, ಇದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಎಂಬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಟೋಲ್ ರಸ್ತೆಗಳಲ್ಲಿ ಗಸ್ತು ವಾಹನ, ಆಂಬುಲೆನ್ಸ್, ಕ್ರೇನುಗಳ ಏರ್ಪಾಡಿದೆ. ಪ್ರಾಣಕ್ಕೆ ಅಪಾಯವಿದ್ದರೆ 112 ಇದ್ದೇ ಇದೆ. ಆದರೆ ಹೆದ್ದಾರಿಯ ಕ್ರೇನಿನ ಮುಖ್ಯ ಉದ್ದೇಶ ರಸ್ತೆಯನ್ನು ತೆರವು ಮಾಡುವುದು. ನಿಮ್ಮ ಕಾರನ್ನು ನಿಮ್ಮ ಊರಿನ ಮೆಕ್ಯಾನಿಕ್ಕಿನ ಬಾಗಿಲಿಗೆ ಮುಟ್ಟಿಸುವುದಲ್ಲ.

ಇನ್ನು ಲೆಕ್ಕ. ನಾನು ತೆತ್ತ 7,500 ರೂಪಾಯಿಯನ್ನೇ ಅಳತೆಗೋಲು ಮಾಡಿಕೊಳ್ಳೋಣ. ಪ್ರತ್ಯೇಕ ಸದಸ್ಯತ್ವಕ್ಕೆ ವರ್ಷಕ್ಕೆ 1,200 ರೂಪಾಯಿ ಕೊಟ್ಟರೆ, ಆರು ವರ್ಷಕ್ಕೊಮ್ಮೆಯಾದರೂ ಕಾರು ಹಾಗೆ ಕೆಟ್ಟರೆ ಮಾತ್ರ ಹಣ ಹುಟ್ಟುತ್ತದೆ. ವಿಮೆಯೊಡನೆ 250 ರೂಪಾಯಿಗೆ ದೊರೆತರೆ, ಮೂವತ್ತು ವರ್ಷಕ್ಕೊಮ್ಮೆ ಕೆಟ್ಟರೂ ನಷ್ಟವಿಲ್ಲ. ಎರಡೂ ಒಂದೇ ಕೆಲಸ ಮಾಡುವುದಾದರೆ ಯಾವುದನ್ನು ಆರಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ‘ಒಂದೇ ಕೆಲಸ ಮಾಡುವುದಾದರೆ’ ಎಂಬ ಮಾತಿನಲ್ಲಿಯೇ ಗುಟ್ಟಿದೆ. ಹಣ ಕೊಡುವ ಮುನ್ನ ಇವಿಷ್ಟನ್ನು ಕೇಳಿ ತಿಳಿಯಬೇಕು. ಎಷ್ಟು ಕಿಲೋಮೀಟರು ಉಚಿತವಾಗಿ ಎಳೆಯುತ್ತಾರೆ, ಮಿಕ್ಕದ್ದಕ್ಕೆ ದರವೇನು? ಎಲ್ಲಿಗೆ ಎಳೆಯುತ್ತಾರೆ? ವರ್ಷಕ್ಕೆ ಎಷ್ಟು ಸಲ? ಯಾವ ದಿನದಿಂದ ಜಾರಿಗೆ ಬರುತ್ತದೆ? ಘಾಟಿಗಳಿಗೂ ಸಣ್ಣ ಊರುಗಳಿಗೂ ಬರುತ್ತಾರೆಯೋ, ನಗರಗಳಿಗೆ ಮಾತ್ರವೋ? ಅವರು ಬರಲಾಗದಿದ್ದರೆ ನಾವು ಕೊಟ್ಟ ಬಾಡಿಗೆಯನ್ನು ಹಿಂದಕ್ಕೆ ಕೊಡುತ್ತಾರೆಯೆ? ಪೆಟ್ರೋಲಿನ ಬೆಲೆ, ಬಿಡಿಭಾಗದ ಬೆಲೆ ಸಾಮಾನ್ಯವಾಗಿ ನಮ್ಮದೇ. ವಿದ್ಯುತ್ ಕಾರು, ಆಟೊಮ್ಯಾಟಿಕ್ ಗೇರಿನ ಕಾರುಗಳನ್ನು ಚಕ್ರ ಉರುಳಿಸಿಕೊಂಡು ಎಳೆದರೆ ಯಂತ್ರ ಕೆಡುವ ಭಯವುಂಟು. ಅವನ್ನು ಪೂರ್ತಿಯಾಗಿ ಎತ್ತಿ ಮೇಲಿರಿಸಿಕೊಳ್ಳುವ ಗಾಡಿ ಬರುವುದೆ ಎಂದು ಕೇಳಿರಿ. ಅಮೆರಿಕದ ಸಂಘದಲ್ಲಿ ಸದಸ್ಯತ್ವ ವ್ಯಕ್ತಿಗೆ. ಅವನು ಯಾವ ಕಾರಿನಲ್ಲಿದ್ದರೂ ನಡೆಯುತ್ತದೆ. ನಮ್ಮಲ್ಲಿ ವಿಮೆಯೊಡನೆ ಬರುವುದು ಆ ಒಂದು ವಾಹನಕ್ಕೆ ಮಾತ್ರ.

ಹಾಗಾದರೆ ಯಾರಿಗೆ ಬೇಕು, ಯಾರಿಗೆ ಬೇಡ? ಊರೊಳಗೆ ಐದಾರು ಕಿಲೋಮೀಟರು ಓಡಾಡುವವರಿಗೆ, ಕರೆದರೆ ಬರುವ ಪರಿಚಯದ ಮೆಕ್ಯಾನಿಕ್ಕು ಉಳ್ಳವರಿಗೆ, ತಯಾರಕರ ನೆರವು ಇನ್ನೂ ಚಾಲ್ತಿಯಲ್ಲಿರುವ ಹೊಸ ಕಾರಿನವರಿಗೆ ಪ್ರತ್ಯೇಕ ಚಂದಾ ಅನಗತ್ಯ. ಹಳೆಯ ಕಾರಿನಲ್ಲಿ ದೂರ ಹೋಗುವವರಿಗೆ, ಘಾಟಿ ಹತ್ತಿಳಿಯುವವರಿಗೆ, ರಾತ್ರಿ ಒಂಟಿಯಾಗಿ ಕಾರು ನಡೆಸುವ ಹೆಣ್ಣುಮಕ್ಕಳಿಗೆ, ವೃದ್ಧರನ್ನೂ ಹಸುಗೂಸುಗಳನ್ನೂ ಕರೆದೊಯ್ಯುವವರಿಗೆ ಅದು ಬೇಕು. ಇವರು ಅದನ್ನು ರೂಪಾಯಿಯ ಲೆಕ್ಕದಲ್ಲಿ ಮಾತ್ರ ತೂಗಬಾರದು. ಕಾರಿನಲ್ಲಿ ಕುಳಿತಿರುವವರು ಯಾರು, ಎಷ್ಟು ಹೊತ್ತು ಅವರನ್ನು ರಸ್ತೆಯಲ್ಲಿ ಕಾಯಿಸಬಹುದು ಎಂಬುದೇ ನಿಜವಾದ ತೂಕದ ಕಲ್ಲು.

ಚಂದಾ ಕಟ್ಟಿದ ಮಾತ್ರಕ್ಕೆ ಎಲ್ಲವೂ ಆಗಿಹೋಯಿತೆಂದಲ್ಲ. ನೆರವಿನ ಸಂಖ್ಯೆಯನ್ನೂ ಪಾಲಿಸಿಯ ಸಂಖ್ಯೆಯನ್ನೂ ಒಂದು ಕಾಗದದಲ್ಲಿ ಬರೆದು ಕಾರಿನಲ್ಲಿರಿಸಿ; ಫೋನಿನ ಬ್ಯಾಟರಿಯೂ ಮುಗಿಯಬಹುದು. ದಾರಿಯ ಕಿಲೋಮೀಟರು ಕಲ್ಲುಗಳನ್ನು ಗಮನಿಸುತ್ತಿರಿ. ‘ಎಲ್ಲಿದ್ದೀರಿ’ ಎಂದು ಕೇಳಿದಾಗ ಅದೇ ವಿಳಾಸ. ಕಾರು ನಿಂತೊಡನೆ ನಾಲ್ಕು ಮೂಲೆಯ ಮಿಣುಕು ದೀಪ ಹಾಕಿ, ಕೆಂಪು ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆ ಇರಿಸಿ, ಒಳಗಿರುವವರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ.

ದಾರಿಗೆಂದು ಕಟ್ಟಿಕೊಳ್ಳುವ ಬುತ್ತಿಗೆ ‘ಪಾಥೇಯ’ ಎಂದು ಹೆಸರು. ಹೊರಡುವ ಮುನ್ನ ಬುತ್ತಿಯ ಗಂಟನ್ನು ಬಿಚ್ಚಿ ನೋಡುವುದು ನಮ್ಮ ಹಿರಿಯರ ರೂಢಿ. ಈಗ ನಮ್ಮ ಮನೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಅಮ್ಮ ಎರಡು ಪ್ರಶ್ನೆ ಕೇಳುತ್ತಾರೆ: “ತಿನ್ನೋದಕ್ಕೆ ಇಟ್ಕೊಂಡ್ಯಾ? ಕಾಗದ ಓದಿದ್ಯಾ?” ಈ ಲೇಖನದ ಸಾರವನ್ನೆಲ್ಲ ಅವರು ಅಷ್ಟರಲ್ಲಿಯೇ ಹೇಳಿಬಿಡುತ್ತಾರೆ.