12 ಲಕ್ಷದ ಘೋಷಣೆಯೂ ತೋಟದ ಮನೆಯ ಲೆಕ್ಕವೂ



ಚುನಾವಣೆ ಬಂತೆಂದರೆ ರೈತನ ಸಾಲ, ಬಡವನ ಅಕ್ಕಿ ಇವುಗಳ ಮಾತು ನಮ್ಮ ಕಿವಿಗೆ ರೂಢಿಯಾಗಿದೆ. ಮಧ್ಯಮ ವರ್ಗದ ತೆರಿಗೆಯೇ ಪ್ರಚಾರದ ಮುಂಚೂಣಿಗೆ ಬಂದದ್ದು 2025ರ ದೆಹಲಿ ವಿಧಾನಸಭಾ ಚುನಾವಣೆಯಲ್ಲಿ. ಆ ಜನವರಿಯಲ್ಲಿ ಅರವಿಂದ ಕೇಜ್ರಿವಾಲರು ಆದಾಯ ತೆರಿಗೆಯ ಮಿತಿಯನ್ನು 7 ಲಕ್ಷದಿಂದ 10 ಲಕ್ಷಕ್ಕೆ ಏರಿಸಬೇಕೆಂದು ಕೇಂದ್ರವನ್ನು ಒತ್ತಾಯಿಸಿದರು. ಮತದಾನಕ್ಕೆ ನಾಲ್ಕೇ ದಿನ ಉಳಿದಿರುವಾಗ, ಫೆಬ್ರವರಿ 1ರಂದು, ನಮ್ಮ ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾದ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರು ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲವೆಂದು ಸಾರಿದರು. 70 ಸ್ಥಾನಗಳಲ್ಲಿ 48 ಬಿಜೆಪಿಗೆ ಬಂದವು. ಬಜೆಟ್ಟಿನಿಂದಲೇ ಬಂದವೇ ಎಂಬ ಚರ್ಚೆ ಸಹಕಾರ ಸಂಘದ ಪತ್ರಿಕೆಗೆ ಬೇಡ. ನಮಗೆ ಬೇಕಾದದ್ದು ಲೆಕ್ಕ.

ನಮ್ಮ ಸದಸ್ಯರೊಬ್ಬರು ಕಾಲೇಜಿನಲ್ಲಿ ಉಪನ್ಯಾಸಕರು. ಅವರ ಸ್ವಂತ ಹೆಸರಿನಲ್ಲಿ ಅಡಿಕೆ ತೋಟವೂ ಇದೆ. 2025-26ರಲ್ಲಿ ಕಳೆಯುವುದನ್ನೆಲ್ಲ ಕಳೆದು ಸಂಬಳ 10 ಲಕ್ಷ, ತೋಟದ ನಿವ್ವಳ ಆದಾಯ 6 ಲಕ್ಷ. "ಹನ್ನೆರಡರ ಒಳಗಿದ್ದೇನಲ್ಲ ಸ್ವಾಮಿ, ನನಗೇಕೆ ತೆರಿಗೆ?" ಎಂದು ಕಚೇರಿಗೆ ಬಂದರು. ನಾವು ಕಾಗದ ತೆಗೆದು ಕೂತೆವು.

ಮೊದಲಿಗೆ, 12 ಲಕ್ಷವೆಂಬುದು ವಿನಾಯಿತಿಯ ಮಿತಿಯಲ್ಲ. ಆ ಮಿತಿ 4 ಲಕ್ಷ ಮಾತ್ರ. ಅದರಾಚೆಗೆ ತೆರಿಗೆ ಹಾಕಿ, ಆಮೇಲೆ 60,000 ರೂಪಾಯಿಯವರೆಗೆ ರಿಬೇಟು ಕೊಡುತ್ತಾರೆ. ತೋಟದ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ, ಆದರೆ ದರ ನಿಶ್ಚಯಿಸುವಾಗ ಅದನ್ನು ಸಂಬಳದೊಂದಿಗೆ ಕೂಡಿಸುತ್ತಾರೆ. ಕೂಡಿದ 16 ಲಕ್ಷಕ್ಕೆ ತೆರಿಗೆ 1,20,000. ಅದರಿಂದ ತೋಟದ 6 ಲಕ್ಷ ಮತ್ತು ವಿನಾಯಿತಿಯ 4 ಲಕ್ಷ ಸೇರಿ 10 ಲಕ್ಷಕ್ಕೆ ಬರುವ 40,000 ಕಳೆದರೆ ಉಳಿದದ್ದು 80,000. ರಿಬೇಟು 60,000 ಹೋಗಿ ಬಾಕಿ 20,000. ಸೆಸ್ ಸೇರಿ 20,800. ತೋಟವಿಲ್ಲದ ಅವರ ಸಹೋದ್ಯೋಗಿಗೆ ಅದೇ ಸಂಬಳಕ್ಕೆ ಸೊನ್ನೆ. ಉಪನ್ಯಾಸಕರು ಕಾಗದವನ್ನು ಎರಡು ಸಲ ನೋಡಿ ಮಡಿಸಿ ಜೇಬಿಗೆ ಹಾಕಿಕೊಂಡರು.

ಈ ಕೂಡಿಸುವ ಕ್ರಮ 1973ರದು. ಕೆ. ಎನ್. ರಾಜ್ ಸಮಿತಿ 1972ರಲ್ಲಿ ಕೊಟ್ಟ ಸಲಹೆ ಅದರ ಹಿಂದಿದೆ. ಉದ್ದೇಶ ಅನ್ಯಾಯದ್ದೇನಲ್ಲ, ಎರಡು ಕಡೆಯ ಆದಾಯವುಳ್ಳವರ ಶಕ್ತಿಯನ್ನು ಪೂರ್ತಿ ಅಳೆಯಬೇಕೆಂಬುದು. ಆದರೆ ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ಮೀರಿದರೆ ಸಾಕು, ಕೂಡಿಸುವಿಕೆ ಶುರು. ಇಂದು ಆ ಹಣಕ್ಕೆ ತೋಟದಲ್ಲಿ ಎಷ್ಟು ಆಳು ಬರುತ್ತಾರೆಂಬುದು ತಮಗೇ ಗೊತ್ತು.

ಇಲ್ಲಿಗೆ ನಿಲ್ಲಿಸಿದರೆ ನಾವು ಅರ್ಧ ಸತ್ಯ ಹೇಳಿದಂತೆ. ಪೇಟೆಯಲ್ಲಿ ಬರೀ ಸಂಬಳದಿಂದ ನಿವ್ವಳ 16 ಲಕ್ಷ ಪಡೆಯುವವರು ಸೆಸ್ ಸೇರಿ 1,24,800 ಕಟ್ಟುತ್ತಾರೆ. ಅಷ್ಟೇ ಆದಾಯವನ್ನು ಚೆರಿ ಕಾಫಿ, ಅಡಿಕೆ ಮಾರಿ ಗಳಿಸುವ ನಮ್ಮವರು ಕೇಂದ್ರಕ್ಕೆ ಏನೂ ಕಟ್ಟುವುದಿಲ್ಲ. (ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ನೂರಕ್ಕೆ 25 ಭಾಗ, ಹುರಿದು ಪುಡಿ ಮಾಡಿದರೆ 40 ಭಾಗ ತೆರಿಗೆಗೆ ಒಳಪಡುತ್ತದೆ, ಅದು ಬೇರೆ ಮಾತು.) ಬೆಲೆ ಬಿದ್ದ ವರ್ಷ, ಕೊಳೆರೋಗದ ವರ್ಷ ನಮ್ಮ ಕೈ ಹಿಡಿಯುವವರಿಲ್ಲ ಎಂಬ ಉತ್ತರ ನಮ್ಮಲ್ಲಿದೆ, ಅದು ನಿಜವೂ ಹೌದು. ಆದರೆ ಬೆಲೆ ಏರಿದ ವರ್ಷ ಆ ಉತ್ತರ ಪೇಟೆಯವರ ಮುಂದೆ ನಿಲ್ಲುವುದು ಕಷ್ಟ.

ಅಂಗಡಿಯ ತೆರಿಗೆಯಂತೂ ಯಾರ ಆದಾಯವನ್ನೂ ಕೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಇನ್‌ಸ್ಟಂಟ್ ಕಾಫಿಯ ಜಿಎಸ್‌ಟಿ ನೂರಕ್ಕೆ 18ರಿಂದ 5ಕ್ಕೆ ಇಳಿದದ್ದೂ, ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18 ಹೋದದ್ದೂ ಮನೆಗಳಿಗೆ ನೇರವಾಗಿ ಮುಟ್ಟಿದ ಉಪಕಾರ.

ಮತ ಕೇಳಲು ಬರುವವರು ಯಾವ ಪಕ್ಷದವರೇ ಆಗಲಿ, ಆ 5,000ದ ಮಿತಿಯನ್ನು ಏರಿಸುವಿರಾ ಎಂದು ನಾವು ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ದೊಡ್ಡ ಎಸ್ಟೇಟುಗಳು ಒಂದು ಪಾಲು ಕೊಡುವುದು ನ್ಯಾಯವೆಂದು ಒಪ್ಪುವ ಧೈರ್ಯವೂ ನಮಗೆ ಬೇಕು. ಇದಕ್ಕೆ ಆಡಳಿತ ಮಂಡಲಿಯಲ್ಲೇ ಭಿನ್ನಾಭಿಪ್ರಾಯವಿದೆ; ಮಹಾಸಭೆಯಲ್ಲಿ ಸದಸ್ಯರು ಮುಕ್ತವಾಗಿ ಮಾತನಾಡಲಿ. ಸಂಬಳ ಮತ್ತು ತೋಟ ಎರಡೂ ಇರುವ ಸದಸ್ಯರು ತಮ್ಮ ಮಾರಾಟದ ಬಿಲ್ಲು, ಗೊಬ್ಬರ ಮತ್ತು ಕೂಲಿಯ ಚೀಟಿಗಳನ್ನು ಜೋಡಿಸಿ ತಂದಲ್ಲಿ ಕಚೇರಿಯಲ್ಲಿ ಲೆಕ್ಕ ಹಾಕಿಕೊಡಲಾಗುವುದು.